ಎಸ್‌ಒಸಿ ಪಾಳಿಗಳಲ್ಲಿ ಜನ ಏಕೆ ನಿಲ್ಲುತ್ತಿಲ್ಲ? ಒಪ್ಪಂದ ನವೀಕರಣಕ್ಕೆ ಮುನ್ನ ಅಭಿಪ್ರಾಯ ಬೇಕು

ಕಾವಲುಗಾರ:

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ಒಂದು ಸೇವಾ ಕಂಪನಿಯ ಸೈಬರ್ ಭದ್ರತಾ ಕಾರ್ಯಾಚರಣಾ ಕೇಂದ್ರದಲ್ಲಿ, ಅಂದರೆ ಎಸ್‌ಒಸಿಯಲ್ಲಿ, ಒಂದು ಪಾಳಿಯ ಹೊಣೆ ನನ್ನದು. ಗ್ರಾಹಕರು ಹೆಚ್ಚಾಗಿ ಅಮೆರಿಕ ಮತ್ತು ಬ್ರಿಟನ್ನಿನವರು. ಅವರ ಸರ್ವರ್‌ಗಳ ಲಾಗ್‌ಗಳನ್ನು, ಅಂದರೆ ಚಟುವಟಿಕೆಯ ದಾಖಲೆಗಳನ್ನು, ಸೀಮ್ ಎಂಬ ತಂತ್ರಾಂಶ ಜಾಲಾಡಿ, ಅನುಮಾನಾಸ್ಪದವಾದದ್ದು ಕಂಡರೆ ಅಲರ್ಟ್ ಎತ್ತುತ್ತದೆ. ನಮ್ಮ ಎಲ್1, ಅಂದರೆ ಮೊದಲ ಹಂತದ, ಹುಡುಗ ಹುಡುಗಿಯರು ಹಗಲಿರುಳು ಅವನ್ನು ಒಂದೊಂದಾಗಿ ನೋಡಿ, ಮುಚ್ಚಬೇಕಾದುದನ್ನು ಮುಚ್ಚಿ, ಅನುಮಾನ ಹುಟ್ಟಿಸಿದ್ದನ್ನು ಮೇಲಿನ ಹಂತವಾದ ಎಲ್2ಗೆ ದಾಟಿಸುತ್ತಾರೆ. ಈಗ ದೊಡ್ಡ ಗ್ರಾಹಕರೊಬ್ಬರ ಒಪ್ಪಂದ ನವೀಕರಣಕ್ಕೆ ಬಂದಿದೆ. ಎಲ್1ರಲ್ಲಿ ಜನ ಏಕೆ ನಿಲ್ಲುತ್ತಿಲ್ಲ, ಅದನ್ನು ತಡೆಯಲು ಒಪ್ಪಂದದಲ್ಲಿಯೇ ಏನನ್ನಾದರೂ ಸೇರಿಸಬಹುದೇ ಎಂದು ಟಿಪ್ಪಣಿ ಬರೆದುಕೊಡುವಂತೆ ಮೇಲಿನವರು ಕೇಳಿದ್ದಾರೆ.

ಮಾನವ ಸಂಪನ್ಮೂಲ ವಿಭಾಗದ ಕಡತದಲ್ಲಿ ಬಿಟ್ಟುಹೋದವರೆಲ್ಲರ ಹೆಸರಿನ ಮುಂದೆಯೂ ‘ಉತ್ತಮ ಅವಕಾಶ’ ಎಂಬ ಒಂದೇ ಕಾರಣವಿದೆ. ರಿಲೀವಿಂಗ್ ಲೆಟರ್ ಕೈಗೆ ಬರುವ ಮುನ್ನ ಯಾರು ತಾನೇ ಬೇರೆ ಕಾರಣ ಬರೆದಾರು? ಸಂಬಳ ಒಂದು ಕಾರಣವೆನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚು ಸಂಬಳದ ಬೇರೊಂದು ಎಸ್‌ಒಸಿಗೆ ಹೋದವರಿಗಿಂತ, ಎಸ್‌ಒಸಿ ಕೆಲಸವನ್ನೇ ಬಿಟ್ಟು ಆಡಿಟ್‌ಗೋ ಕ್ಲೌಡ್‌ಗೋ ಹೋದವರೇ ನನ್ನ ಪಾಳಿಯಲ್ಲಿ ಹೆಚ್ಚು. ಅವರೊಡನೆ ಹೋಗುವುದು ಹ್ಯಾಂಡೋವರ್ ದಾಖಲೆಯಲ್ಲಿ ಬರೆಯಲಾಗದ ತಿಳಿವಳಿಕೆ. ಗ್ರಾಹಕರ ಯಾವ ಸರ್ವರ್ ಭಾನುವಾರ ರಾತ್ರಿ ಬ್ಯಾಕಪ್‌ಗಾಗಿ ಹತ್ತಾರು ಯಂತ್ರಗಳಿಗೆ ಲಾಗಿನ್ ಆಗುತ್ತದೆ, ಯಾವ ಅಧಿಕಾರಿ ಪ್ರವಾಸದಲ್ಲಿ ವಿಪಿಎನ್ ಬಳಸದೆ ಕೆಲಸ ಮಾಡುತ್ತಾರೆ ಎಂಬುದೆಲ್ಲ ಕೂತು ನೋಡಿ ನೋಡಿ ತಿಳಿಯಬೇಕಾದ ಸಂಗತಿಗಳು. ಹೊಸಬರು ಅದನ್ನು ಕಲಿಯುವ ಹೊತ್ತಿಗೆ ಅವರೂ ಹೊರಡುತ್ತಾರೆ. ಈ ಕೆಲಸದಲ್ಲಿ ಇರುವವರು, ಇದನ್ನು ಬಿಟ್ಟವರು, ಇದನ್ನು ನಡೆಸುವವರು ತಮ್ಮ ಅನುಭವ ಬರೆದರೆ ಉಪಕಾರವಾಗುತ್ತದೆ.

ಸಹ್ಯಾದ್ರಿ:

ನಾನು ಎಲ್1 ಬಿಟ್ಟವನು, ಈಗ ಬೇರೊಂದು ಕಡೆ ಪತ್ತೆ ನಿಯಮಗಳನ್ನು, ಅಂದರೆ ರೂಲ್‌ಗಳನ್ನು, ಬರೆಯುವ ಕೆಲಸದಲ್ಲಿದ್ದೇನೆ. ನಮ್ಮನ್ನು ದಣಿಸಿದ್ದು ಅಲರ್ಟ್‌ಗಳ ಸಂಖ್ಯೆ ಎಂದು ಎಲ್ಲರೂ ಹೇಳುತ್ತಾರೆ, ನನಗೆ ಅದು ಅರ್ಧ ಮಾತ್ರ ಸರಿಯೆನಿಸುತ್ತದೆ. ಗ್ರಾಹಕರೇ ನಡೆಸುವ ವಲ್ನರಬಿಲಿಟಿ ಸ್ಕ್ಯಾನರ್, ಅಂದರೆ ತಮ್ಮದೇ ಜಾಲದ ದೌರ್ಬಲ್ಯ ಹುಡುಕುವ ತಂತ್ರಾಂಶ, ಪ್ರತಿ ರಾತ್ರಿ ಅದೇ ಹೊತ್ತಿಗೆ ಓಡುತ್ತಿತ್ತು, ಯಾರೋ ಜಾಲದ ಬಾಗಿಲುಗಳನ್ನು ತಟ್ಟಿ ನೋಡುತ್ತಿದ್ದಾರೆ ಎಂದು ಎಚ್ಚರಿಸುವ ‘ಪೋರ್ಟ್ ಸ್ಕ್ಯಾನ್’ ರೂಲ್ ಅದೇ ಹೊತ್ತಿಗೆ ಕೂಗುತ್ತಿತ್ತು. ಅದು ಸ್ಕ್ಯಾನರ್ ಎಂದು ಪಾಳಿಯಲ್ಲಿ ಕೂತ ಎಲ್ಲರಿಗೂ ಗೊತ್ತು. ಆದರೂ ಪ್ರತಿಯೊಂದು ಅಲರ್ಟ್‌ನ ಟಿಕೆಟ್ ತೆರೆದು, ಐಪಿ ವಿಳಾಸ ಹುಡುಕಿ, ‘ನಿರೀಕ್ಷಿತ ಚಟುವಟಿಕೆ’ ಎಂದು ಬರೆದು ಮುಚ್ಚಬೇಕಿತ್ತು, ಏಕೆಂದರೆ ಹದಿನೈದು ನಿಮಿಷದೊಳಗೆ ಮುಟ್ಟದ ಟಿಕೆಟ್‌ಗೆ ಎಸ್‌ಎಲ್‌ಎ, ಅಂದರೆ ಸೇವಾ ಮಟ್ಟದ ಒಪ್ಪಂದದ, ಪ್ರಕಾರ ದಂಡವಿತ್ತು. ರೂಲ್‌ನಲ್ಲಿ ಆ ಒಂದು ವಿಳಾಸವನ್ನು ಹೊರಗಿಡಲು ಎಲ್1ಗೆ ಅಧಿಕಾರವಿರಲಿಲ್ಲ. ಬದಲಾವಣೆಯ ಕೋರಿಕೆ ಎಲ್3 ಮೂಲಕ ಗ್ರಾಹಕರ ಸಮಿತಿಗೆ ಹೋಗಬೇಕು, ಆ ಸಮಿತಿಯ ಮುಂದೆ ಅದಕ್ಕಿಂತ ತುರ್ತಿನ ಕಡತಗಳು ಯಾವಾಗಲೂ ಇದ್ದೇ ಇರುತ್ತವೆ.

ತಪ್ಪೆಂದು ಗೊತ್ತಿದ್ದ ಕೆಲಸವನ್ನು ತಿದ್ದುವ ಹಕ್ಕಿಲ್ಲದೆ ದಿನವೂ ಮಾಡುವುದು ಎಷ್ಟು ಬೇಗ ಮನುಷ್ಯನನ್ನು ಒಣಗಿಸುತ್ತದೆ ಎನ್ನುವುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. 2022ರ ಯೂಸೆನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಬುಶ್ರಾ ಅಲಹ್ಮದಿ ಮತ್ತು ಸಂಗಡಿಗರು ಎಸ್‌ಒಸಿ ವಿಶ್ಲೇಷಕರನ್ನು ಮಾತನಾಡಿಸಿ ಮಾಡಿದ ಅಧ್ಯಯನ ಮಂಡನೆಯಾಯಿತು. ನಾವು ಸಾರಾಸಗಟಾಗಿ ಫಾಲ್ಸ್ ಪಾಸಿಟಿವ್ ಎನ್ನುವ ಅಲರ್ಟ್‌ಗಳಲ್ಲಿ ಬಹುಪಾಲಿನವು ನಿಜಕ್ಕೂ ತಪ್ಪು ಅಲರ್ಟ್‌ಗಳಲ್ಲ. ರೂಲ್ ಹೇಳಿದ್ದು ನಡೆದೇ ಇರುತ್ತದೆ, ಆದರೆ ಆ ಸಂಸ್ಥೆಯ ಮಟ್ಟಿಗೆ ಅದು ಸಹಜ ವ್ಯವಹಾರವಾಗಿರುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಅಂದರೆ ಕೊರತೆ ಇರುವುದು ಸ್ಥಳೀಯ ತಿಳಿವಳಿಕೆಯನ್ನು ರೂಲ್‌ನೊಳಕ್ಕೆ ಸೇರಿಸುವ ದಾರಿಯಲ್ಲಿ. ಆ ತಿಳಿವಳಿಕೆ ಯಾರ ತಲೆಯಲ್ಲಿದೆ? ಸಂಬಳದ ಪಟ್ಟಿಯ ತಳದಲ್ಲಿರುವ, ರೂಲ್ ಮುಟ್ಟಲು ಬಾರದ ಎಲ್1ರ ತಲೆಯಲ್ಲಿ.

ಲೆಕ್ಕಪತ್ರ:

ನಾನು ಇಂತಹ ಒಪ್ಪಂದಗಳ ಬೆಲೆ ಕಟ್ಟುವ ಕಡೆ ಇರುವವನು. ಇಲ್ಲಿ ನನಗೆ ಬೈಗುಳ ಸಿಗಬಹುದು, ಆದರೂ ಹೇಳುತ್ತೇನೆ. ಸಹ್ಯಾದ್ರಿಯವರು ಹೇಳಿದ್ದು ನಿಜ, ಆದರೆ ಅದು ಯಾರದೋ ಮೂರ್ಖತನದಿಂದ ಆದದ್ದಲ್ಲ. ಗ್ರಾಹಕರು ಟೆಂಡರ್ ಕರೆಯುವಾಗ ಎಷ್ಟು ಸೀಟು (ಅಂದರೆ ಕೆಲಸಕ್ಕೆ ಕೂರಿಸುವ ಜನ), ಎಷ್ಟು ಸಾಧನ, ಸೆಕೆಂಡಿಗೆ ಎಷ್ಟು ಲಾಗ್ ಎಂದು ಕೇಳುತ್ತಾರೆ. ಅಲರ್ಟ್ ಮುಟ್ಟಲು ಎಷ್ಟು ನಿಮಿಷ, ಮುಚ್ಚಲು ಎಷ್ಟು ಗಂಟೆ ಎಂದು ಕೇಳುತ್ತಾರೆ. ಬೇಡದ ಅಲರ್ಟ್ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿದ ಟೆಂಡರ್‌ಗಳನ್ನು ನಾನು ಬೆರಳ ಮೇಲೆ ಎಣಿಸಬಲ್ಲೆ. ಅಲರ್ಟ್ ಕಡಿಮೆಯಾದರೆ ಸೀಟು ಕಡಿಮೆ ಮಾಡಿ ಎಂದು ಮರುವರ್ಷ ಗ್ರಾಹಕರೇ ಕೇಳುತ್ತಾರೆ. ಹೀಗಿರುವಾಗ ಅಲರ್ಟ್ ಕಡಿಮೆ ಮಾಡುವ ಉತ್ಸಾಹ ನಮ್ಮ ಕಡೆ ಎಲ್ಲಿಂದ ಬರಬೇಕು?

ಇನ್ನು ಪಿರಮಿಡ್. ಕೆಳಗೆ ಹೆಚ್ಚು ಫ್ರೆಶರ್‌ಗಳು, ಮೇಲೆ ಕೆಲವೇ ಅನುಭವಿಗಳು ಎಂಬ ಲೆಕ್ಕದ ಮೇಲೆಯೇ ದರ ನಿಂತಿದೆ. ಎಲ್1ರಲ್ಲಿ ಜನ ಬಹುಕಾಲ ಉಳಿದು ಸಂಬಳ ಏರುತ್ತ ಹೋದರೆ ಆ ಲೆಕ್ಕ ಕೂಡುವುದಿಲ್ಲ. ಇದನ್ನು ಯಾರೂ ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲವಾದರೂ, ಒಂದಷ್ಟು ಜನ ಪ್ರತಿವರ್ಷ ಬಿಟ್ಟುಹೋಗುವುದನ್ನು ದರಪಟ್ಟಿ ಮೊದಲೇ ನಂಬಿ ಕೂತಿರುತ್ತದೆ. ಆದ್ದರಿಂದ ಕಾವಲುಗಾರರೇ, ಜನ ನಿಲ್ಲುತ್ತಿಲ್ಲ ಎಂಬ ದೂರಿನ ಟಿಪ್ಪಣಿಯನ್ನು ಮೇಲಿನವರು ಓದುವುದು ನೀವು ಬರೆದ ಉದ್ದೇಶದಿಂದಲ್ಲ. ಆ ಪ್ರಮಾಣ ಲೆಕ್ಕಕ್ಕಿಂತ ಮೇಲೆ ಹೋಯಿತೇ ಎಂದು ನೋಡಲು ಮಾತ್ರ.

ಅಂಕಿಅಂಶ:

ಚರ್ಚೆ ಮುಂದುವರಿಯುವ ಮೊದಲು, ಸಹ್ಯಾದ್ರಿಯವರು ಹೇಳಿದಂತಹ ಕೆಲಸದ ದಣಿವಿಗೆ ಬಳಸುವ ಬರ್ನ್‌ಔಟ್ ಎಂಬ ಪದದ ಅರ್ಥ ಏನೆಂದು ಒಪ್ಪಿಕೊಳ್ಳುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದು ಸೇರಿಸಿತು ಎಂಬ ಸುದ್ದಿ ಹರಡಿತ್ತು, ಅದು ತಪ್ಪು. ಆ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿಯಾದ ಐಸಿಡಿ-11ರಲ್ಲಿ ಅದು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ದಾಖಲಾಗಿದೆ, ಕಾಯಿಲೆಯೆಂದಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಶಕ್ತಿಯೆಲ್ಲ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಅದರ ಬಗ್ಗೆ ಸಿನಿಕತನ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು ಎಂಬ ಮೂರು ಲಕ್ಷಣಗಳನ್ನು ಅಲ್ಲಿ ಹೇಳಿದೆ. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯ ಮೂಲಾಂಶಗಳೂ ಹೆಚ್ಚುಕಡಿಮೆ ಇವೇ. ರಜೆ ಮೊದಲನೆಯದಕ್ಕೆ ಮಾತ್ರ ಮದ್ದು. ಸಹ್ಯಾದ್ರಿಯವರ ಸ್ಕ್ಯಾನರ್ ಪ್ರಸಂಗ ಎರಡನೆಯ ಮತ್ತು ಮೂರನೆಯ ಲಕ್ಷಣಗಳಿಗೆ ಸೇರಿದ್ದು.

ಅಂಕಿಗಳ ಬಗ್ಗೆಯೂ ಒಂದು ಎಚ್ಚರಿಕೆಯ ಮಾತು. ಟೈನ್ಸ್ ಎಂಬ ಕಂಪನಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 71ರಷ್ಟು ವಿಶ್ಲೇಷಕರು ಒಂದಲ್ಲ ಒಂದು ಮಟ್ಟದ ಬರ್ನ್‌ಔಟ್ ಇದೆ ಎಂದಿದ್ದರು, ಶೇ 64ರಷ್ಟು ಮಂದಿ ಮುಂದಿನ ವರ್ಷದೊಳಗೆ ಕೆಲಸ ಬದಲಿಸುವ ಸಾಧ್ಯತೆಯಿದೆ ಎಂದಿದ್ದರು. ಟೈನ್ಸ್ ಮಾರುವುದು ಸ್ವಯಂಚಾಲನೆಯ ತಂತ್ರಾಂಶವನ್ನು. ಸಮೀಕ್ಷೆ ಸುಳ್ಳೆಂದು ನಾನು ಹೇಳುತ್ತಿಲ್ಲ, ಆದರೆ ಅಂಗಡಿಯವರೇ ಹಸಿವನ್ನು ಅಳೆದಾಗ ಸ್ವಲ್ಪ ತಡೆದು ಓದಬೇಕು. ನಿಮ್ಮ ಟಿಪ್ಪಣಿಯಲ್ಲಿ ಇಂತಹ ಅಂಕಿಗಳಿಗಿಂತ ನಿಮ್ಮದೇ ಕ್ಯೂನ, ಅಂದರೆ ಅಲರ್ಟ್‌ಗಳ ಸಾಲಿನ, ಅಂಕಿಗಳಿಗೆ ಬೆಲೆ ಹೆಚ್ಚು. ಒಂದೇ ರೂಲ್‌ನಿಂದ ಬಂದು, ಒಂದೇ ಷರಾದೊಂದಿಗೆ ಮುಚ್ಚಿದ ಟಿಕೆಟ್‌ಗಳು ತಿಂಗಳಿಗೆ ಎಷ್ಟು? ಅದಕ್ಕೆ ತಗುಲಿದ ಗಂಟೆಗಳು ಎಷ್ಟು?

ಬಯಲುಸೀಮೆ:

ನಾನು ದಾವಣಗೆರೆಯವನು, ಓದು ಮುಗಿಸಿ ಈಗಷ್ಟೇ ಎಲ್1 ಸೇರಿದ್ದೇನೆ. ಒಂದು ಮಾತು ಯಾರೂ ಹೇಳಲಿಲ್ಲ. ನಮ್ಮಂಥ ಕಾಲೇಜುಗಳಿಂದ ಬಂದವರಿಗೆ ಸೈಬರ್ ಭದ್ರತೆಯೊಳಗೆ ಹೋಗಲು ತೆರೆದಿರುವ ಬಾಗಿಲು ಇದೊಂದೇ. ಇಲ್ಲಿ ಸೇರುವಾಗಲೇ ಇಲ್ಲಿಂದ ಹೊರಡುವ ಯೋಚನೆ ಇರುತ್ತದೆ. ಬಿಟ್ಟುಹೋಗುವವರೆಲ್ಲ ಸೋತು ಹೋಗುತ್ತಾರೆ ಎಂದು ಹಿರಿಯರು ಭಾವಿಸಬಾರದು.

ಸಹ್ಯಾದ್ರಿ:

ಒಪ್ಪುತ್ತೇನೆ ತಮ್ಮಾ. ಬೆಳೆದು ಹೋಗುವವರನ್ನು ಸಂತೋಷದಿಂದಲೇ ಕಳಿಸಬೇಕು. ನನ್ನ ಚಿಂತೆ ಇರುವುದು ಕಲಿತದ್ದೇನೂ ಇಲ್ಲದೆ ಹೋಗುವವರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಹೋಗದೆ ಉಳಿದು ಒಳಗೊಳಗೇ ಆರಿಹೋದವರ ಬಗ್ಗೆ. ಟಿಕೆಟ್ ತೆರೆಯುವ ಮೊದಲೇ ಮುಚ್ಚುವ ಷರಾ ಬೆರಳಿಗೆ ಬಂದಿರುವವರು ಪ್ರತಿ ಪಾಳಿಯಲ್ಲೂ ಇದ್ದಾರೆ. ರಾಜೀನಾಮೆಯ ಲೆಕ್ಕದಲ್ಲಿ ಅವರು ಕಾಣುವುದಿಲ್ಲ.

ಮಿನ್ನೆಸೋಟದಿಂದ:

ಈ ಚರ್ಚೆಯಲ್ಲಿ ಅಮೆರಿಕದ ಚಿಲ್ಲರೆ ಮಾರಾಟ ಕಂಪನಿ ಟಾರ್ಗೆಟ್‌ನ 2013ರ ಮಾಹಿತಿ ಕಳವಿನ ಪ್ರಕರಣ ಇನ್ನೂ ಬಾರದಿರುವುದು ಆಶ್ಚರ್ಯ, ಏಕೆಂದರೆ ಅದರಲ್ಲಿ ಬೆಂಗಳೂರಿನ ಪಾತ್ರವಿದೆ. ನಾನು ಆ ಕಂಪನಿಯ ಕೇಂದ್ರ ಕಚೇರಿಯಿರುವ ಮಿನಿಯಾಪೊಲಿಸ್‌ನಲ್ಲೇ ಇರುವುದರಿಂದ ಇಲ್ಲಿ ಅದನ್ನು ಜನ ಇಂದಿಗೂ ನೆನೆಯುತ್ತಾರೆ. ಟಾರ್ಗೆಟ್ ಆ ವರ್ಷ ಫೈರ್‌ಐ ಸಂಸ್ಥೆಯ ಪತ್ತೆ ವ್ಯವಸ್ಥೆಯನ್ನು 16 ಲಕ್ಷ ಡಾಲರ್ ಕೊಟ್ಟು ಅಳವಡಿಸಿಕೊಂಡಿತ್ತು, ಅದರ ಅಲರ್ಟ್‌ಗಳನ್ನು ಬೆಂಗಳೂರಿನಲ್ಲಿದ್ದ ತಂಡವೊಂದು ಹಗಲೂ ರಾತ್ರಿ ನೋಡುತ್ತಿತ್ತು. ನವೆಂಬರ್ 30ರಂದು, ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಖರೀದಿಯ ಭರಾಟೆಯ ನಡುವೆ, ಕಳ್ಳರು ಕದ್ದ ಕಾರ್ಡ್ ಮಾಹಿತಿಯನ್ನು ಹೊರಸಾಗಿಸುವ ತಂತ್ರಾಂಶವನ್ನು ಇಳಿಸುತ್ತಿದ್ದಂತೆ ಅಲರ್ಟ್ ಬಂತು. ಬೆಂಗಳೂರಿನ ತಂಡ ಅದನ್ನು ಗಮನಿಸಿ ಮಿನಿಯಾಪೊಲಿಸ್‌ನ ಭದ್ರತಾ ಕೇಂದ್ರಕ್ಕೆ ತಿಳಿಸಿತು. ಇಲ್ಲಿ ಯಾರೂ ಏನೂ ಮಾಡಲಿಲ್ಲ. ದುರುದ್ದೇಶದ ತಂತ್ರಾಂಶವನ್ನು ತಾನೇ ಅಳಿಸುವ ಸೌಲಭ್ಯ ಆ ವ್ಯವಸ್ಥೆಯಲ್ಲಿತ್ತು, ಅದನ್ನು ಆರಿಸಿಡಲಾಗಿತ್ತು. ಡಿಸೆಂಬರ್ ಮಧ್ಯದಲ್ಲಿ ಅಮೆರಿಕದ ನ್ಯಾಯ ಇಲಾಖೆಯವರೇ ಬಂದು ಹೇಳಿದಾಗ ಕಂಪನಿ ಎಚ್ಚೆತ್ತಿತು. ಅಷ್ಟು ಹೊತ್ತಿಗೆ 4 ಕೋಟಿ ಕಾರ್ಡ್‌ಗಳ ವಿವರ ಹೋಗಿತ್ತು, ಜೊತೆಗೆ 7 ಕೋಟಿಯಷ್ಟು ಗ್ರಾಹಕರ ವೈಯಕ್ತಿಕ ಮಾಹಿತಿಯೂ ಹೋಗಿತ್ತು. 2014ರ ಮಾರ್ಚ್‌ನಲ್ಲಿ ಪತ್ರಿಕೆಗಳು ಈ ವಿವರ ಹೊರತಂದವು. ಆ ತಿಂಗಳೇ ಮುಖ್ಯ ಮಾಹಿತಿ ಅಧಿಕಾರಿ, ಮೇ ತಿಂಗಳಲ್ಲಿ ಮುಖ್ಯ ಕಾರ್ಯನಿರ್ವಾಹಕರು ಹುದ್ದೆ ಬಿಟ್ಟರು. 2017ರಲ್ಲಿ 47 ರಾಜ್ಯಗಳೊಂದಿಗೆ 1 ಕೋಟಿ 85 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು.

ಈ ಪ್ರಕರಣವನ್ನು ಎಲ್ಲ ತರಬೇತಿಗಳಲ್ಲಿಯೂ ಅಲರ್ಟ್ ಕಡೆಗಣಿಸಿದ ಉದಾಹರಣೆಯಾಗಿ ಹೇಳುತ್ತಾರೆ. ನಾನು ಅದನ್ನು ಆ ರಾತ್ರಿ ಬೆಂಗಳೂರಿನಲ್ಲಿ ಕೂತಿದ್ದವರ ಕಡೆಯಿಂದ ಯೋಚಿಸುತ್ತೇನೆ. ಅವರು ಮಾಡಬೇಕಾದುದನ್ನು ಮಾಡಿದ್ದರು. ಯಂತ್ರವನ್ನು ಜಾಲದಿಂದ ಬಿಡಿಸುವ ಅಧಿಕಾರ ಅವರ ಕೈಯಲ್ಲಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ತಾನು ಕಂಡದ್ದನ್ನು ಹೇಳಿಯೂ ಯಾರೂ ಅಲುಗಲಿಲ್ಲ ಎಂದು ತಿಳಿದ ಮೇಲೆ ಮರುದಿನ ಮತ್ತೆ ಅದೇ ಪರದೆಯ ಮುಂದೆ ಕೂರಲು ಒಬ್ಬ ವಿಶ್ಲೇಷಕನಿಗೆ ಏನು ಉಳಿದಿರುತ್ತದೆ? ಸಂಬಳ ಏರಿಸಿ ಅದನ್ನು ತುಂಬಿಕೊಡಲಾದೀತೇ?

ಇರುಳಹಕ್ಕಿ:

ಎಲ್ಲರೂ ಅಧಿಕಾರದ ಬಗ್ಗೆ, ಒಪ್ಪಂದದ ಬಗ್ಗೆ ಬರೆಯುತ್ತಿದ್ದೀರಿ. ದೇಹದ ಬಗ್ಗೆ ಯಾರೂ ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ನಮ್ಮಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ವಾರಕ್ಕೊಮ್ಮೆ ಸುತ್ತುತ್ತವೆ. ದೇಹ ಒಂದು ಹೊತ್ತಿನ ನಿದ್ದೆಗೆ ಹೊಂದಿಕೊಳ್ಳುವಷ್ಟರಲ್ಲಿ ರೋಸ್ಟರ್ ಬದಲಾಗುತ್ತದೆ. ಅಮೆರಿಕದಲ್ಲಿ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ತಿರುಗಿಸಿದಾಗ ನಮ್ಮ ಊಟದ ಹೊತ್ತೂ ಕ್ಯಾಬ್ ಹೊತ್ತೂ ಒಂದು ಗಂಟೆ ಸರಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯ ಕೆಲಸವನ್ನು 2007ರಲ್ಲಿಯೇ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿರುವ ಗುಂಪಿನಲ್ಲಿ ಇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲಿಯೇ ಉಳಿಸಿತು. ನಮ್ಮ ಇಂಡಕ್ಷನ್ ತರಬೇತಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ.

ಪೀಜಿಯಲ್ಲಿ ಇದ್ದುಕೊಂಡು ಹಗಲು ನಿದ್ದೆ ಮಾಡುವುದೆಂದರೆ ಏನೆಂದು ಬೆಂಗಳೂರಿನಲ್ಲಿ ಇದ್ದವರಿಗೆ ಗೊತ್ತು. ಪಕ್ಕದ ಸೈಟಿನಲ್ಲಿ ಕಟ್ಟಡದ ಕೆಲಸ, ಕೆಳಗೆ ತರಕಾರಿ ಗಾಡಿಯ ಧ್ವನಿವರ್ಧಕ, ಕೋಣೆಯ ಗೆಳತಿಗೆ ಹಗಲು ಪಾಳಿ. ಮನೆಯವರು ಹಬ್ಬಕ್ಕೆ ಕರೆದಾಗ ಹೋಗುವಂತಿಲ್ಲ, ಏಕೆಂದರೆ ದೀಪಾವಳಿ ಗ್ರಾಹಕರಿಗೆ ರಜೆಯಲ್ಲ, ಕ್ರಿಸ್‌ಮಸ್‌ನಲ್ಲಿ ಅವರು ರಜೆಯ ಮೇಲಿರುವುದರಿಂದ ನಾವು ಇನ್ನೂ ಎಚ್ಚರವಾಗಿರಬೇಕು. ನಮ್ಮ ಕಂಪನಿ ಒತ್ತಡ ನಿವಾರಣೆಗಾಗಿ ಯೋಗ ತರಗತಿ ಏರ್ಪಡಿಸಿತು. ಅದು ಬೆಳಿಗ್ಗೆ ಹನ್ನೊಂದಕ್ಕೆ. ರಾತ್ರಿ ಪಾಳಿಯವರು ಅದಕ್ಕಾಗಿ ನಿದ್ದೆ ಬಿಟ್ಟು ಎದ್ದು ಹಾಜರಿ ಹಾಕಬೇಕಿತ್ತು.

ಇನ್ನೊಂದು ಮಾತು. ನಿಜವಾದ ಬಿಕ್ಕಟ್ಟಿನ ವಾರಗಳು ನಮ್ಮನ್ನು ಓಡಿಸಿದ್ದಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದ ದೋಷ ಹೊರಬಂದಾಗ, 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟಿನಿಂದ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಾಗ, ನಮ್ಮ ಪಾಳಿಯಲ್ಲಿ ಯಾರೂ ಮನೆಗೆ ಹೋಗಬೇಕೆಂದು ಹಟ ಹಿಡಿಯಲಿಲ್ಲ. ಆಗ ನಾವು ಮಾಡುವ ಕೆಲಸಕ್ಕೆ ಅರ್ಥವಿದೆ ಎಂದು ಅನ್ನಿಸುತ್ತಿತ್ತು. ಬೇಸರ ತಂದದ್ದು ಅದರ ನಂತರದ ತಿಂಗಳು. ಆಗ ಮಾಡಿದ ಹೆಚ್ಚುವರಿ ಪಾಳಿಗಳಿಗೆ ಬದಲಿ ರಜೆ ಸಿಗುವಷ್ಟರಲ್ಲಿ ಅದರ ಅವಧಿ ಮುಗಿದುಹೋಗಿತ್ತು.

ಕರಿಹಲಗೆ:

ಇರುಳಹಕ್ಕಿಯವರ ಮಾತಿಗೆ ಕಾನೂನಿನ ಹಿನ್ನೆಲೆ ಸೇರಿಸುತ್ತೇನೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುವ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಸರ್ಕಾರ 2014ರಲ್ಲಿ ವಿನಾಯಿತಿ ನೀಡಿ, 2019ರಲ್ಲಿ ಮತ್ತು 2024ರಲ್ಲಿ ಅದನ್ನು ವಿಸ್ತರಿಸಿತು. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಮಾಡುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು, ಮರುವರ್ಷ 10 ಗಂಟೆಯ ಕೆಲಸದ ದಿನದ ಪ್ರಸ್ತಾಪಕ್ಕೂ ವಿರೋಧ ತೋರಿತು. ಈ ಚರ್ಚೆಯಲ್ಲಿ ಎಸ್‌ಒಸಿಯವರ ದನಿ ಕೇಳಿದ್ದು ಕಡಿಮೆ, ಏಕೆಂದರೆ ಪ್ರತಿಭಟನೆಯ ಹೊತ್ತಿಗೆ ಅವರಲ್ಲಿ ಮೂರನೇ ಒಂದು ಪಾಲು ಪಾಳಿಯಲ್ಲಿ, ಇನ್ನೊಂದು ಪಾಲು ನಿದ್ದೆಯಲ್ಲಿ ಇರುತ್ತದೆ.

ನಿದ್ದೆ ಬರದೆ, ಮನಸ್ಸು ಕುಸಿದು, ಯಾರಿಗೂ ಹೇಳಲಾಗದೆ ಇರುವವರು ಇದನ್ನು ಓದುತ್ತಿದ್ದರೆ 14416 ಟೆಲಿ-ಮಾನಸ್ ಸಹಾಯವಾಣಿ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಕಚೇರಿಯ ಮೂಲಕ ಹೋಗಬೇಕಾಗಿಲ್ಲ.

ಖಜಾನೆ ಕಾವಲು:

ನಾನು ಒಂದು ಬ್ಯಾಂಕಿನ ಒಳಗಿನ ಭದ್ರತಾ ಕೇಂದ್ರದಲ್ಲಿದ್ದೇನೆ. ನಮ್ಮ ಪರಿಸ್ಥಿತಿ ಸೇವಾ ಕಂಪನಿಗಳದ್ದಕ್ಕಿಂತ ಒಂದು ವಿಷಯದಲ್ಲಿ ಬೇರೆ. ರಿಸರ್ವ್ ಬ್ಯಾಂಕ್ 2016ರ ಜೂನ್ ಸುತ್ತೋಲೆಯಲ್ಲಿ ಬ್ಯಾಂಕುಗಳು ಎಸ್‌ಒಸಿ ಸ್ಥಾಪಿಸಬೇಕೆಂದು, ಘಟನೆಗಳನ್ನು 2ರಿಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಹೇಳಿತು. ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಎಲ್ಲ ಸಂಸ್ಥೆಗಳಿಗೂ 6 ಗಂಟೆಯ ಗಡುವು ಹಾಕಿತು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದಿತು. ಈ ನಿಯಮಗಳು ಬೇಕಾದವೇ. ಅವಿಲ್ಲದಿದ್ದರೆ ಘಟನೆಗಳನ್ನು ಮುಚ್ಚಿಡುತ್ತಿದ್ದರು. ಆದರೆ ರಾತ್ರಿ ಎರಡಕ್ಕೆ ಅನುಮಾನದ ಅಲರ್ಟ್ ಬಂದಾಗ ಗಡಿಯಾರ ಓಡತೊಡಗುವುದು ಪಾಳಿಯ ಕಿರಿಯರ ಮೇಜಿನಿಂದ. ಅದು ಘಟನೆಯೇ ಹೌದೋ ಎಂದು ತೀರ್ಮಾನಿಸಬಲ್ಲ ಅಧಿಕಾರಿ ಫೋನ್ ಎತ್ತಬೇಕು. ಎತ್ತದಿದ್ದರೆ ಮರುದಿನದ ಪ್ರಶ್ನೆ ‘ನೀನು ಎಷ್ಟು ಸಲ ಫೋನ್ ಮಾಡಿದೆ’ ಎಂಬುದಾಗಿರುತ್ತದೆ. ಮಿನಿಯಾಪೊಲಿಸ್ ಪ್ರಸಂಗದ ಸಣ್ಣ ರೂಪಗಳು ನಮ್ಮಲ್ಲಿಯೂ ನಡೆಯುತ್ತವೆ.

ಎಲ್1 ಕೆಲಸವನ್ನು ನಾವೂ ಹೊರಗುತ್ತಿಗೆ ಕೊಟ್ಟಿದ್ದೇವೆ. ಟೆಂಡರ್ ಮುಗಿದು ಕಡಿಮೆ ದರದ ಹೊಸ ಕಂಪನಿ ಬಂದಾಗ ಪಾಳಿಗೆ ಪಾಳಿಯೇ ಬದಲಾದದ್ದನ್ನು ನೋಡಿದ್ದೇನೆ. ಅಲ್ಲಿ ಯಾರೂ ಬೇಸತ್ತು ಬಿಟ್ಟಿರಲಿಲ್ಲ, ಆದರೂ ತಿಳಿವಳಿಕೆಯೆಲ್ಲ ಒಂದೇ ತಿಂಗಳಲ್ಲಿ ಹೊರನಡೆಯಿತು. ಲೆಕ್ಕಪತ್ರ ಅವರೇ, ಆ ನಷ್ಟ ನಿಮ್ಮ ದರಪಟ್ಟಿಯ ಯಾವ ಕಾಲಮ್ಮಿನಲ್ಲಿ ಬರುತ್ತದೆ?

ಲೆಕ್ಕಪತ್ರ:

ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಅದಕ್ಕೇ ನಾನು ಇಲ್ಲಿ ಕೂತು ಓದುತ್ತಿದ್ದೇನೆ.

ಬಯಲುಸೀಮೆ:

ಇಷ್ಟೆಲ್ಲ ಯಾಕೆ, ಇನ್ನೆರಡು ವರ್ಷದಲ್ಲಿ ಎಲ್1 ಕೆಲಸವನ್ನು ಎಐ ಮಾಡುತ್ತದೆ ಎಂದು ನಮ್ಮ ಮ್ಯಾನೇಜರ್ ಹೇಳುತ್ತಾರಲ್ಲ?

ಅಂಕಿಅಂಶ:

ಕೆಲವನ್ನು ಮಾಡುತ್ತದೆ, ಮಾಡಲಿ. ಆದರೆ ಲಿಸಾನ್ ಬೇನ್‌ಬ್ರಿಜ್ ಎಂಬ ಮನೋವಿಜ್ಞಾನಿ 1983ರಲ್ಲಿಯೇ ಕಾರ್ಖಾನೆಗಳ ಸ್ವಯಂಚಾಲನೆಯ ಬಗ್ಗೆ ಬರೆದದ್ದು ಇಲ್ಲಿಗೂ ಹೊಂದುತ್ತದೆ. ಯಂತ್ರ ಸುಲಭದ್ದನ್ನೆಲ್ಲ ಮಾಡಿದ ಮೇಲೆ ಮನುಷ್ಯನಿಗೆ ಉಳಿಯುವುದು ಅತಿ ಕಷ್ಟದ್ದು. ಅದನ್ನು ಮಾಡಲು ಬೇಕಾದ ಅಭ್ಯಾಸವೂ ಆಗ ತಪ್ಪಿಹೋಗಿರುತ್ತದೆ. ಯಂತ್ರದ ಮೇಲೆ ಕಣ್ಣಿಡುವುದೂ ವಿಶ್ರಾಂತಿಯ ಕೆಲಸವಲ್ಲ. ನಾರ್ಮನ್ ಮ್ಯಾಕ್‌ವರ್ತ್ ರೇಡಾರ್ ನಿರ್ವಾಹಕರಿಗಾಗಿ ನಡೆಸಿ 1948ರಲ್ಲಿ ಪ್ರಕಟಿಸಿದ ಗಡಿಯಾರ ಪ್ರಯೋಗದಲ್ಲಿ, ಅಪರೂಪದ ಸಂಕೇತವನ್ನು ಕಾಯುತ್ತ ಕೂತವರ ಗಮನ ಮೊದಲ ಅರ್ಧ ಗಂಟೆಯಲ್ಲಿಯೇ ಇಳಿಯಿತು. ನಮ್ಮ ಪಾಳಿ ಎಂಟು ಒಂಬತ್ತು ಗಂಟೆಯದ್ದು.

ಸಹ್ಯಾದ್ರಿ:

ಸ್ವಯಂಚಾಲನೆ ಯಾರ ಕೈಯಿಂದ ಬರುತ್ತದೆ ಎನ್ನುವುದೂ ಮುಖ್ಯ. ಕಾನ್ಸಸ್ ರಾಜ್ಯ ವಿಶ್ವವಿದ್ಯಾಲಯದ ಸತ್ಯ ಚಂದ್ರನ್ ಸುಂದರಮೂರ್ತಿ ಮತ್ತು ಸಂಗಡಿಗರು ಮಾನವಶಾಸ್ತ್ರದ ಕ್ರಮದಲ್ಲಿ, ವಿದ್ಯಾರ್ಥಿಯನ್ನು ಎಸ್‌ಒಸಿಯೊಳಗೆ ವಿಶ್ಲೇಷಕನಾಗಿಯೇ ಕೂರಿಸಿ, ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಕೌಶಲ, ಅಧಿಕಾರ, ಸೃಜನಶೀಲತೆ, ಬೆಳವಣಿಗೆ ಎಂಬ ನಾಲ್ಕು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಅವರು ಕಂಡದ್ದು. ಕೌಶಲವಿಲ್ಲವೆಂದು ಅಧಿಕಾರ ಕೊಡುವುದಿಲ್ಲ, ಅಧಿಕಾರವಿಲ್ಲದ್ದರಿಂದ ಹೊಸದನ್ನು ಮಾಡಲಾಗುವುದಿಲ್ಲ, ಹೊಸದನ್ನು ಮಾಡದ್ದರಿಂದ ಬೆಳೆಯುವುದಿಲ್ಲ, ಬೆಳೆಯದ್ದರಿಂದ ಕೌಶಲ ಬರುವುದಿಲ್ಲ. ಹೊಸ ತಂತ್ರಾಂಶವನ್ನು ಮೇಲಿನಿಂದ ತಂದು ಇಳಿಸಿದರೆ ಈ ಸುಳಿ ಒಡೆಯುವುದಿಲ್ಲ. ವಿಶ್ಲೇಷಕರೇ ತಮ್ಮ ಬೇಸರದ ಕೆಲಸಕ್ಕೆ ಸ್ಕ್ರಿಪ್ಟ್ ಬರೆಯಲು ಹೊತ್ತು ಸಿಕ್ಕರೆ ಮಾತ್ರ ಒಡೆಯುತ್ತದೆ.

ಗೂಗಲ್‌ನ ಸೈಟ್ ರಿಲಯಬಿಲಿಟಿ ತಂಡಗಳು, ಅಂದರೆ ಸೇವೆಗಳು ನಿಲ್ಲದಂತೆ ನೋಡಿಕೊಳ್ಳುವವರು, ತಮಗೇ ಹಾಕಿಕೊಂಡ ನಿಯಮವೊಂದನ್ನು ಇಲ್ಲಿ ನೆನೆಯಬಹುದು. ಕೈಯಿಂದ ಪದೇ ಪದೇ ಮಾಡುವ ಕೆಲಸ ಒಬ್ಬರ ಒಟ್ಟು ಸಮಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಹನ್ನೆರಡು ಗಂಟೆಯ ಆನ್‌ಕಾಲ್, ಅಂದರೆ ಕರೆ ಬಂದರೆ ಸ್ಪಂದಿಸುವ, ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಘಟನೆಗಳು ಇರಬಾರದು ಎಂಬುದೂ ಅವರದೇ ಮಿತಿ.

ಲೆಕ್ಕಪತ್ರ:

ಗೂಗಲ್ ತನ್ನ ಯಂತ್ರಗಳನ್ನು ತಾನೇ ನೋಡಿಕೊಳ್ಳುತ್ತದೆ, ತಾನೇ ನಿಯಮ ಮಾಡಿಕೊಳ್ಳುತ್ತದೆ. ನಾವು ಇನ್ನೊಬ್ಬರ ಮನೆಯ ಕಾವಲಿಗೆ ನಿಂತವರು. ಅರ್ಧ ಸಮಯ ಕೇಳಿದರೆ ಗ್ರಾಹಕರು ಎದ್ದು ಹೋಗುತ್ತಾರೆ. ಹತ್ತರಲ್ಲೊಂದು ಪಾಲು ಕೇಳಿದರೆ ಕೂತು ಮಾತನಾಡುತ್ತಾರೆ. ಕಾವಲುಗಾರರೇ, ನೀವು ಟಿಪ್ಪಣಿಯಲ್ಲಿ ಹೀಗೆ ಬರೆಯಬಹುದು: ತಿಂಗಳ ಒಟ್ಟು ಪಾಳಿ ಗಂಟೆಗಳಲ್ಲಿ ಹತ್ತನೇ ಒಂದು ಪಾಲನ್ನು ರೂಲ್ ತಿದ್ದುಪಡಿಗೆ ಮೀಸಲಿಡತಕ್ಕದ್ದು, ಒಂದೇ ಷರಾದೊಂದಿಗೆ ಅತಿ ಹೆಚ್ಚು ಸಲ ಮುಚ್ಚಿದ ರೂಲ್‌ಗಳನ್ನು ಎಲ್1 ತಂಡವೇ ಪಟ್ಟಿ ಮಾಡಿ ತಿದ್ದುಪಡಿ ಸೂಚಿಸತಕ್ಕದ್ದು, ಗ್ರಾಹಕರು ಐದು ಕೆಲಸದ ದಿನಗಳಲ್ಲಿ ಒಪ್ಪಿಗೆ ಅಥವಾ ಲಿಖಿತ ಆಕ್ಷೇಪ ತಿಳಿಸತಕ್ಕದ್ದು, ತಿಳಿಸದಿದ್ದರೆ ಆ ರೂಲ್‌ನ ಅಲರ್ಟ್‌ಗಳು ಎಸ್‌ಎಲ್‌ಎ ದಂಡದಿಂದ ಹೊರಗಿರತಕ್ಕದ್ದು. ಅಲರ್ಟ್ ಇಳಿದರೂ ಒಪ್ಪಂದದ ಅವಧಿಯಲ್ಲಿ ಸೀಟು ಕಡಿತ ಮಾಡುವಂತಿಲ್ಲ ಎಂಬ ಸಾಲು ಬಹಳ ಮುಖ್ಯ. ಅದಿಲ್ಲದಿದ್ದರೆ ನಮ್ಮ ಕಡೆಯವರೇ ಇದನ್ನು ಮುಳುಗಿಸುತ್ತಾರೆ.

ಖಜಾನೆ ಕಾವಲು:

ಗ್ರಾಹಕರ ಕಡೆ ಕೂತವನಾಗಿ ಒಂದು ಆಕ್ಷೇಪ. ರೂಲ್ ತಿದ್ದುವಾಗ ನಿಜವಾದ ದಾಳಿಯೂ ಕಣ್ಣು ತಪ್ಪಿ ಹೋಗಬಹುದೆಂಬ ಭಯ ನಮಗಿದೆ, ಅದು ಹುಸಿ ಭಯವಲ್ಲ. ಸ್ಕ್ಯಾನರ್‌ನ ವಿಳಾಸವನ್ನು ರೂಲ್‌ನಿಂದ ಹೊರಗಿಟ್ಟರೆ, ಆ ಸ್ಕ್ಯಾನರನ್ನೇ ವಶಪಡಿಸಿಕೊಂಡ ದಾಳಿಕೋರ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ವಿನಾಯಿತಿಗೂ ಮುಕ್ತಾಯದ ದಿನಾಂಕವಿರಲಿ, ಅದನ್ನು ನಿಗದಿತ ಹೊತ್ತಿಗೆ ಮಾತ್ರ ಸೀಮಿತಗೊಳಿಸಿರಲಿ. ಹಾಗಿದ್ದರೆ ನಮ್ಮ ಸಮಿತಿ ಐದು ದಿನದೊಳಗೆ ಒಪ್ಪುತ್ತದೆ. ಇನ್ನೊಂದು, ಆ ಹತ್ತನೇ ಒಂದು ಪಾಲಿನ ಗಂಟೆಗಳನ್ನು ಮಾಸಿಕ ವರದಿಯಲ್ಲಿ ಪ್ರತ್ಯೇಕವಾಗಿ ತೋರಿಸುವಂತೆ ಕೇಳಿ. ತೋರಿಸದಿದ್ದರೆ ಜನ ಕಡಿಮೆಯಿರುವ ಮೊದಲ ತಿಂಗಳಲ್ಲೇ ಅದು ಕ್ಯೂನ ಹೊಟ್ಟೆಗೆ ಹೋಗುತ್ತದೆ.

ಇರುಳಹಕ್ಕಿ:

ರೋಸ್ಟರ್ ಬಗ್ಗೆಯೂ ಒಂದು ಸಾಲು ಸೇರಿಸಿ. ನಿಮ್ಮ ಗ್ರಾಹಕರಲ್ಲಿ ಬ್ರಿಟನ್ನಿನವರೂ ಇದ್ದಾರೆ ಎಂದಿರಿ. ಅಲ್ಲಿನ 1998ರ ಕೆಲಸದ ಅವಧಿ ನಿಯಮಗಳ ಪ್ರಕಾರ ದಿನಕ್ಕೆ ಒಟ್ಟಿಗೆ 11 ಗಂಟೆಯ ಬಿಡುವು ಅವರ ನೌಕರರ ಹಕ್ಕು. ಅವರ ಜಾಲವನ್ನು ಕಾಯುವ ನಮಗೂ ಎರಡು ಪಾಳಿಗಳ ನಡುವೆ ಅದೇ 11 ಗಂಟೆ ಇರಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಪಾಳಿ ಸುತ್ತುವುದಾದರೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಎಂಬ ಕ್ರಮದಲ್ಲಿಯೇ ಸುತ್ತಲಿ, ಹಿಂದುಮುಂದಾಗುವುದು ಬೇಡ. ಬದಲಿ ರಜೆಗೆ ಅವಧಿ ಮುಗಿಯುವ ದಿನವಿರಬಾರದು.

ಕಾವಲುಗಾರ:

ಎಲ್ಲರಿಗೂ ವಂದನೆಗಳು. ಅಂಕಿಅಂಶ ಅವರು ಕೇಳಿದಂತೆ ನಮ್ಮ ಟಿಕೆಟ್‌ಗಳನ್ನು ರೂಲ್‌ವಾರು ವಿಂಗಡಿಸಲು ಎಲ್2 ಸಹೋದ್ಯೋಗಿಯೊಬ್ಬರನ್ನು ಕೂರಿಸಿದ್ದೇನೆ. ನಾಲ್ಕೇ ರೂಲ್‌ಗಳು ಕ್ಯೂನ ಅರ್ಧಕ್ಕಿಂತ ಹೆಚ್ಚನ್ನು ತುಂಬುತ್ತಿವೆ ಎಂದು ಮೊದಲ ನೋಟಕ್ಕೆ ಕಾಣುತ್ತಿದೆ, ಪೂರ್ತಿಯಾದ ಮೇಲೆ ಹೇಳುತ್ತೇನೆ. ಲೆಕ್ಕಪತ್ರ ಅವರ ಸಾಲುಗಳನ್ನು, ಖಜಾನೆ ಕಾವಲು ಅವರ ಮುಕ್ತಾಯ ದಿನಾಂಕದ ಷರತ್ತನ್ನು, ಇರುಳಹಕ್ಕಿಯವರ 11 ಗಂಟೆಯನ್ನು ಟಿಪ್ಪಣಿಗೆ ಸೇರಿಸಿದ್ದೇನೆ. ಮಿನ್ನೆಸೋಟದ ಗೆಳೆಯರು ಎತ್ತಿದ ವಿಷಯ ಉಳಿಯಿತು. ಸೋಂಕು ತಗುಲಿದ ಯಂತ್ರವನ್ನು ಜಾಲದಿಂದ ಬಿಡಿಸುವ ಅಧಿಕಾರವನ್ನು, ಕನಿಷ್ಠ ನೌಕರರ ಲ್ಯಾಪ್‌ಟಾಪ್‌ಗಳ ಮಟ್ಟಿಗಾದರೂ, ಪಾಳಿಯಲ್ಲಿರುವವರಿಗೆ ಕೊಡಿ ಎಂದು ಕೇಳಿದರೆ ಗ್ರಾಹಕರು ಒಪ್ಪುತ್ತಾರೆಯೇ? ಒಪ್ಪಿಸಿದವರು ಯಾರಾದರೂ ಇದ್ದೀರಾ?

ಖಜಾನೆ ಕಾವಲು:

ನಾವು ಒಪ್ಪಿದ್ದೇವೆ. ಲ್ಯಾಪ್‌ಟಾಪ್‌ಗಳಿಗೆ ಮಾತ್ರ, ಸರ್ವರ್‌ಗಳಿಗಿಲ್ಲ. ಬೇರ್ಪಡಿಸಿದ ಅರ್ಧ ಗಂಟೆಯೊಳಗೆ ನಮ್ಮ ಅಧಿಕಾರಿಗೆ ಫೋನ್ ಬರಬೇಕು, ತಪ್ಪಾಗಿ ಬೇರ್ಪಡಿಸಿದರೆ ವಿಶ್ಲೇಷಕರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ ಎಂದು ಬರೆದುಕೊಂಡಿದ್ದೇವೆ. ಆ ಕೊನೆಯ ಷರತ್ತನ್ನು ಹಾಕಿಸಿದ್ದು ಹೊರಗುತ್ತಿಗೆ ಕಂಪನಿಯ ಒಬ್ಬ ಪಾಳಿ ಮುಖ್ಯಸ್ಥೆ. ಅದಿಲ್ಲದೆ ಯಾರೂ ಆ ಬಟನ್ ಒತ್ತುವುದಿಲ್ಲ ಎಂದು ಅವರು ಸಭೆಯಲ್ಲಿಯೇ ಹೇಳಿದರು. ಮಾದರಿ ಸಾಲುಗಳನ್ನು ಬ್ಯಾಂಕಿನ ಹೆಸರು ತೆಗೆದು ನಿಮಗೆ ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ.